ಟೈಟ್ರೇಷನ್ ಕಿಟ್ ವಿಮರ್ಶೆ: ಗಾಜು ಗಟ್ಟಿ, ಕೈಪಿಡಿ ಜೊಳ್ಳು

ದುರ್ಬಲ ಆಮ್ಲಗಳ ಪಾಠಕ್ಕೆಂದೇ ಜೋಡಿಸಿಕೊಟ್ಟಿರುವ ಶಾಲಾ ಟೈಟ್ರೇಷನ್ ಕಿಟ್ ಇದು. ಟೈಟ್ರೇಷನ್ ಎಂದರೆ ಆಮ್ಲಕ್ಕೆ ಕ್ಷಾರವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಎಷ್ಟು ಕ್ಷಾರಕ್ಕೆ ಆಮ್ಲ ಮುಗಿಯಿತು ಎಂದು ಅಳೆಯುವುದು; ದುರ್ಬಲ ಆಮ್ಲ ಎಂದರೆ ನೀರಿನಲ್ಲಿ ತನ್ನ ಅಣುಗಳಲ್ಲಿ ಕೆಲವು ಮಾತ್ರ ಒಡೆದು ಪ್ರೋಟಾನ್ (ಹೈಡ್ರೋಜನ್ ಅಯಾನು) ಬಿಡುವ ಆಮ್ಲ. ಪೆಟ್ಟಿಗೆ ಬಿಚ್ಚಿದರೆ ಸಿಗುವುದು ಇಷ್ಟು: ಟೆಫ್ಲಾನ್ ಸ್ಟಾಪ್‌ಕಾಕ್ (ನಲ್ಲಿ) ಇರುವ 50 ಮಿ.ಲೀ. ಬ್ಯೂರೆಟ್ (ಕ್ಷಾರವನ್ನು ಅಳೆದು ಬಿಡುವ ಗೆರೆಗಳ ಕೊಳವೆ), 25 ಮಿ.ಲೀ. ಪಿಪೆಟ್ (ಒಂದೇ ನಿಗದಿತ ಗಾತ್ರ ಎತ್ತಿ ಬಿಡುವ ಕೊಳವೆ), ಮೂರು ಕವಾಟದ ರಬ್ಬರ್ ಬಲ್ಬು, 250 ಮಿ.ಲೀ. ವಾಲ್ಯುಮೆಟ್ರಿಕ್ ಫ್ಲಾಸ್ಕ್ ಒಂದು, ಕೋನಿಕಲ್ ಫ್ಲಾಸ್ಕ್ ನಾಲ್ಕು, ಸ್ಟ್ಯಾಂಡು, ಹಿಡಿಕೆ, ಪುಟ್ಟ ಆಲಿಕೆ, ಬಿಳಿ ಹಲಗೆ, ಪೆನ್ನಿನಾಕಾರದ ಪಿಎಚ್ ಮೀಟರ್ (ಪಿಎಚ್ ಎಂದರೆ ಹುಳಿಯ ಅಳತೆ: 7ಕ್ಕಿಂತ ಕೆಳಗೆ ಆಮ್ಲೀಯ, ಮೇಲೆ ಕ್ಷಾರೀಯ), ಅದನ್ನು ಸರಿಹೊಂದಿಸಲು ಪಿಎಚ್ ಗೊತ್ತಿರುವ ದ್ರಾವಣ ಮಾಡಿಕೊಳ್ಳುವ ಬಫರ್ ಪುಡಿಯ ಪೊಟ್ಟಣಗಳು. ರಾಸಾಯನಿಕಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆ, ಆಕ್ಸಾಲಿಕ್ ಆಮ್ಲದ ಹರಳು, ಗ್ಲೇಸಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ, 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ (ಮೋಲಾರ್ ಎಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು; ಮೋಲ್ ಅಣುಗಳನ್ನು ಎಣಿಸುವ ಘಟಕ). ಸೂಚಕಗಳು, ಅಂದರೆ ಪಿಎಚ್ ಬದಲಾದಾಗ ಬಣ್ಣ ಬದಲಿಸುವ ದ್ರಾವಣಗಳು, ಮೂರು: ಫಿನಾಫ್ತಲೀನ್, ಮೀಥೈಲ್ ಆರೆಂಜ್, ಬ್ರೋಮೋಥೈಮಾಲ್ ಬ್ಲೂ. ಕೊನೆಗೊಂದು ಕೈಪಿಡಿ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಳೆಯುವ ಸಾಮಾನು ಚೆನ್ನಾಗಿದೆ, ಶಾಲೆಗೆ ಬೇಕಾದಷ್ಟಕ್ಕಿಂತ ಒಂದು ಗುಲಗಂಜಿ ಹೆಚ್ಚೇ. ಆದರೆ ಅಳೆದದ್ದರ ಅರ್ಥ ಹೇಳಬೇಕಾದ ಕೈಪಿಡಿ ಎರಡು ಕಡೆ ಸಾರಾಸಗಟು ತಪ್ಪು ಹೇಳುತ್ತದೆ, ಅದೂ ದುರ್ಬಲ ಆಮ್ಲದ ಪಾಠದ ನಡುಮಧ್ಯದಲ್ಲಿ. ಪಿಎಚ್ ಪೆನ್ನು ತೋರಿಸುವ ಎರಡನೇ ದಶಾಂಶ ಸ್ಥಾನವಂತೂ ಬರೀ ಅಲಂಕಾರ.

ಗಾಜಿನ ಲೆಕ್ಕ

ಬ್ಯೂರೆಟ್ ಮೇಲೆ 'ಬಿ' ದರ್ಜೆ ಎಂದು ಕೊರೆದಿದೆ. 50 ಮಿ.ಲೀ. ಬ್ಯೂರೆಟ್‌ಗೆ 'ಬಿ' ದರ್ಜೆಯಲ್ಲಿ ಒಪ್ಪಿತ ದೋಷ ±0.1 ಮಿ.ಲೀ., 'ಎ' ದರ್ಜೆಯಲ್ಲಿ ±0.05. ಇದನ್ನು ಪರೀಕ್ಷಿಸಲು ನೀರು ಮತ್ತು 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಸಾಕು. 25 ಡಿಗ್ರಿ ಸೆಲ್ಸಿಯಸ್ ಶಾಖದ ನೀರು 25 ಮಿ.ಲೀ. ಇದ್ದರೆ ಗಾಳಿಯಲ್ಲಿ ಸುಮಾರು 24.90 ಗ್ರಾಂ ತೂಗಬೇಕು. ಕಿಟ್‌ನ ಬ್ಯೂರೆಟ್ 0ಯಿಂದ 25ರ ಗೆರೆವರೆಗೆ ಬಿಟ್ಟ ನೀರು 24.93 ಗ್ರಾಂ. ಅಂದರೆ 0.03 ಮಿ.ಲೀ. ಹೆಚ್ಚು, ಒಂದು ತೊಟ್ಟಿಗಿಂತ ಕಡಿಮೆ. ಪಿಪೆಟ್ ಐದು ಸಲವೂ 24.87 ಮತ್ತು 24.92 ಗ್ರಾಂ ನಡುವೆಯೇ ನಿಂತಿತು. 'ಬಿ' ದರ್ಜೆಯ ಪಿಪೆಟ್‌ಗೆ ±0.06 ಮಿ.ಲೀ. ಅನುಮತಿ ಇರುವುದರಿಂದ ಅದೂ ಪಾಸು. 25 ಮಿ.ಲೀ. ಅಳತೆಯಲ್ಲಿ ಒಂದು ತೊಟ್ಟು, ಅಂದರೆ ಸುಮಾರು 0.05 ಮಿ.ಲೀ., ಶೇಕಡಾ 0.2ರಷ್ಟು ವ್ಯತ್ಯಾಸ ತರುತ್ತದೆ. ಗಾಜಿನ ತಪ್ಪು ಆ ಒಂದು ತೊಟ್ಟಿನೊಳಗೇ ಇದ್ದರೆ ಇನ್ನುಳಿದ ತಪ್ಪೆಲ್ಲ ಕೈಯದ್ದು ಅಥವಾ ದ್ರಾವಣದ್ದು.

ಟೆಫ್ಲಾನ್ ನಲ್ಲಿ ಕೊಟ್ಟಿರುವುದು ಈ ಕಿಟ್‌ನ ಅತಿ ಜಾಣ ಆಯ್ಕೆ. ಗಾಜಿನ ನಲ್ಲಿಯಾದರೆ ಕ್ಷಾರ ನಿಧಾನವಾಗಿ ಗಾಜನ್ನು ತಿಂದು, ನಲ್ಲಿ ಕಚ್ಚಿಕೊಂಡು ಕೂರುತ್ತದೆ. ಬಲವಂತವಾಗಿ ತಿರುಗಿಸಿದರೆ ಮುರಿಯುವುದು ಬ್ಯೂರೆಟ್ಟೇ. ಗ್ರೀಸ್ ಹಚ್ಚಿದರೆ ಅದು ತೂತಿಗೆ ಇಳಿದು ತುದಿ ಕಟ್ಟಿಕೊಳ್ಳುತ್ತದೆ. ಟೆಫ್ಲಾನ್‌ಗೆ ಈ ಎರಡೂ ಕಾಟ ಇಲ್ಲ. ಆದರೆ ಹೊಸ ನಲ್ಲಿಯ ತಿರುಪು ಸಡಿಲವಾಗಿ ಬರುತ್ತದೆ. ನೀರು 0 ಗೆರೆಗೆ ತುಂಬಿ, ತುದಿ ಒರೆಸಿ, ಹತ್ತು ನಿಮಿಷ ಬಿಡಿ. ತುದಿಯಲ್ಲಿ ತೊಟ್ಟು ಮೂಡಿದರೆ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಜೋರಾಗಿ ಬಿಗಿದರೆ ಟೆಫ್ಲಾನ್ ಹಿಸುಕಿಕೊಂಡು ಆಮೇಲೆ ಶಾಶ್ವತವಾಗಿ ಸೋರುತ್ತದೆ.

ಆಲಿಕೆಯನ್ನು ತುಂಬಿದ ಕೂಡಲೇ ತೆಗೆದಿಡಬೇಕು. ಅದರ ಕಾಲಿನಲ್ಲಿ ನಿಂತ ಒಂದೆರಡು ತೊಟ್ಟು ಟೈಟ್ರೇಷನ್ ನಡುವೆ ಇಳಿದರೆ ಓದಿದ ಅಂಕಿ ಕಡಿಮೆ ಬರುತ್ತದೆ. ನಲ್ಲಿಯ ಕೆಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ ಇದಕ್ಕೆ ಉಲ್ಟಾ: ಅದು ನಡುವೆ ಹೊರಬಿದ್ದರೆ ಆ ಜಾಗ ತುಂಬಲು ಹೋದ ಕ್ಷಾರವೂ ಲೆಕ್ಕಕ್ಕೆ ಸೇರಿ ಅಂಕಿ ಹೆಚ್ಚಾಗುತ್ತದೆ. ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ರಭಸದಿಂದ ಬಿಟ್ಟರೆ ಗುಳ್ಳೆ ಹೋಗುತ್ತದೆ.

ಪಿಪೆಟ್ ಮೇಲೆ 'ಎಕ್ಸ್' ಗುರುತು ಇದೆ: ಇದು ಹೊರಗೆ ಬಿಡುವ ಪ್ರಮಾಣಕ್ಕೆ ಗೆರೆ ಹಾಕಿದ್ದು. ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ, ಉಳಿದ ಕೊನೆಯ ತೊಟ್ಟನ್ನು ಊದದೆ ಹಾಗೇ ಬಿಡಬೇಕು. ಕೈಪಿಡಿ ಇದನ್ನು ಸರಿಯಾಗಿಯೇ ಹೇಳಿದೆ. ಬ್ಯೂರೆಟ್ ಮತ್ತು ಪಿಪೆಟ್‌ಗಳನ್ನು ಅವುಗಳಿಗೆ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ನೀರಿನಿಂದ, ಎಂಬುದನ್ನೂ ಹೇಳಿದೆ. ಕಾರಣ ಹೇಳಿಲ್ಲ. ಬ್ಯೂರೆಟ್‌ನಲ್ಲಿ ಉಳಿದ ನೀರು ಕ್ಷಾರವನ್ನು ತೆಳು ಮಾಡುತ್ತದೆ. ಫ್ಲಾಸ್ಕಿನಲ್ಲಿ ಉಳಿದ ನೀರಿನಿಂದ ಆಮ್ಲದ ಮೋಲ್‌ಗಳು ಬದಲಾಗುವುದಿಲ್ಲ, ಆದರೆ ಅದನ್ನೇ ಆಮ್ಲದಿಂದ ತೊಳೆದರೆ ಗೋಡೆಗೆ ಅಂಟಿದ ಆಮ್ಲವೂ ಲೆಕ್ಕಕ್ಕೆ ಬರುತ್ತದೆ.

ಬಿಳಿ ಹಲಗೆ ಹೆಸರಿಗಷ್ಟೇ ಬಿಳಿ, ಬಣ್ಣ ಕೆನೆಯದು. ತೆಳು ಗುಲಾಬಿ ಅದರ ಮೇಲೆ ಕಾಣುವುದೇ ಇಲ್ಲ. ಒಂದು ಬಿಳಿ ಹಾಳೆ ಹಾಸಿಕೊಳ್ಳಿ. ಸ್ಟ್ಯಾಂಡಿನ ಬಗ್ಗೆ ದೂರಿಲ್ಲ.

ಕ್ಷಾರ: ಎಲ್ಲ ತಪ್ಪುಗಳ ತವರು

ಕೈಪಿಡಿಯ ಪ್ರಕಾರ 1.0 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ತೂಗಿ 250 ಮಿ.ಲೀ. ಮಾಡಿದರೆ 0.1 ಮೋಲಾರ್ ದ್ರಾವಣ ಸಿದ್ಧ. ಕಾಗದದ ಮೇಲೆ ಸರಿ. ಮೋಲಾರ್ ರಾಶಿ 40, ಹಾಗಾಗಿ ಲೀಟರಿಗೆ 4 ಗ್ರಾಂ. ಆದರೆ ಈ ಗುಳಿಗೆಗಳು ಗಾಳಿಯಲ್ಲಿ ಇಟ್ಟ ನಿಮಿಷದಲ್ಲೇ ತೇವ ಹೀರಿ ಒದ್ದೆಯಾಗುತ್ತವೆ, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಂಡು ಮೇಲ್ಮೈಯಲ್ಲಿ ಸೋಡಿಯಂ ಕಾರ್ಬೊನೇಟ್ ಆಗುತ್ತವೆ. ತೂಗಿದ್ದು 1.0 ಗ್ರಾಂ ನಿಜ, ಆದರೆ ಅದರಲ್ಲಿ ಕ್ಷಾರ ಎಷ್ಟು ಎಂಬುದು ತೂಕದಿಂದ ಗೊತ್ತಾಗುವುದಿಲ್ಲ.

ಅದಕ್ಕೇ ಆಕ್ಸಾಲಿಕ್ ಆಮ್ಲ ಕೊಟ್ಟಿರುವುದು. ಅದರ ಹರಳು ಎರಡು ನೀರಿನ ಅಣು ಸೇರಿದ್ದು, ಮೋಲಾರ್ ರಾಶಿ 126.07. 1.576 ಗ್ರಾಂ ತೂಗಿ 250 ಮಿ.ಲೀ.ಗೆ ತಂದರೆ 0.0500 ಮೋಲಾರ್. ಒಂದು ಅಣು ಎರಡು ಪ್ರೋಟಾನ್ ಕೊಡುವುದರಿಂದ ಅದರ 25 ಮಿ.ಲೀ.ಗೆ ಸರಿಯಾಗಿ 0.1 ಮೋಲಾರ್ ಕ್ಷಾರ 25 ಮಿ.ಲೀ. ಬೇಕು. ಕಿಟ್‌ನ ಗುಳಿಗೆಯಿಂದ ಮಾಡಿದ ದ್ರಾವಣ ತೆಗೆದುಕೊಂಡದ್ದು 25.65, 25.60, 25.60 ಮಿ.ಲೀ. ಮೊದಲನೆಯದನ್ನು ಅಂದಾಜಿಗೆ ಬಿಟ್ಟು 25.60 ಎಂದರೆ, ಕ್ಷಾರದ ಸಾರತೆ (ಲೀಟರಿಗೆ ಎಷ್ಟು ಮೋಲ್ ಎಂಬುದು) 2 × 0.0500 × 25.00 ÷ 25.60 = 0.0977 ಮೋಲಾರ್. ಕೈಪಿಡಿಯನ್ನು ನಂಬಿ ಬಾಟಲಿ ಮೇಲೆ 0.1 ಎಂದು ಬರೆದಿದ್ದರೆ ಮುಂದಿನ ಎಲ್ಲ ಉತ್ತರಗಳೂ ಶೇಕಡಾ 2.4ರಷ್ಟು ಹೆಚ್ಚು ಬರುತ್ತಿದ್ದವು. ಬ್ಯೂರೆಟ್ ಓದುವಾಗ ಅರ್ಧ ಗೆರೆಗಾಗಿ ತಲೆ ಕೆಡಿಸಿಕೊಂಡು ಇಲ್ಲಿ ಶೇಕಡಾ 2 ಕಳೆದುಕೊಳ್ಳುವುದು, ತೂತಿನ ಕೊಡಕ್ಕೆ ಅಳೆದು ಅಳೆದು ನೀರು ಹೊಯ್ದಂತೆ.

ಕೈಪಿಡಿಯಲ್ಲಿ ಈ ಹಂತ ಇಲ್ಲವೇ? ಇದೆ, ಆದರೆ ಕೊನೆಯ ಪುಟಗಳಲ್ಲಿ, 'ಹೆಚ್ಚುವರಿ ಚಟುವಟಿಕೆ' ಎಂಬ ತಲೆಬರಹದಡಿ. ಮೊದಲ ಪುಟದಲ್ಲಿ ಇರಬೇಕಾದದ್ದು ಅದು. ಆಕ್ಸಾಲಿಕ್ ಆಮ್ಲ ವಿಷಕಾರಿ ಎಂಬ ಮಾತೂ ಅಲ್ಲೇ ಸಣ್ಣ ಅಕ್ಷರದಲ್ಲಿದೆ. ಪಿಪೆಟ್‌ಗೆ ಬಾಯಿ ಹಾಕಿ ಎಳೆಯುವ ಹಳೇ ಚಾಳಿ ಇಲ್ಲಿ ಮಾತ್ರವಲ್ಲ, ಎಲ್ಲೂ ಬೇಡ. ರಬ್ಬರ್ ಬಲ್ಬು ಇರುವುದು ಅದಕ್ಕೇ.

ಕಾರ್ಬೊನೇಟ್ ಇನ್ನೊಂದು ಕಿತಾಪತಿ ಮಾಡುತ್ತದೆ. ಫಿನಾಫ್ತಲೀನ್ ಬಣ್ಣ ಬದಲಿಸುವ ಹೊತ್ತಿಗೆ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗುವಷ್ಟೇ ಆಮ್ಲ ತಿಂದಿರುತ್ತದೆ, ಅಂದರೆ ಅದರ ಅರ್ಧ ಬಲ ಮಾತ್ರ ಲೆಕ್ಕಕ್ಕೆ ಬಂದಿರುತ್ತದೆ. ಮೀಥೈಲ್ ಆರೆಂಜ್ ಬಳಸಿದರೆ ಪೂರ್ತಿ ಬಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹಳೆಯ ಕ್ಷಾರವನ್ನು ಒಂದು ಸೂಚಕದಿಂದ ಪ್ರಮಾಣೀಕರಿಸಿ, ಇನ್ನೊಂದು ಸೂಚಕದಿಂದ ಆಮ್ಲ ಅಳೆದರೆ ಎರಡೂ ಸರಿಯಾಗಿ ಮಾಡಿದ್ದರೂ ಉತ್ತರ ಕೂಡಿ ಬರುವುದಿಲ್ಲ. ಎರಡಕ್ಕೂ ಫಿನಾಫ್ತಲೀನ್ ಒಂದೇ ಇರಲಿ. ದ್ರಾವಣ ಮಾಡುವ ನೀರನ್ನು ಐದಾರು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ ಬಳಸಿದರೆ ಅದರಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ತಯಾರಾದ ಕ್ಷಾರವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಗಿ ಮುಚ್ಚಳ ಹಾಕಿ ಇಡಿ. ಗಾಜಿನ ಬಿರಡೆ ಇರುವ ಬಾಟಲಿಯಲ್ಲಿಟ್ಟರೆ ಆ ಬಿರಡೆ ಮತ್ತೆ ತೆರೆಯುವುದಿಲ್ಲ.

ಸೂಚಕ ತಪ್ಪಿದರೆ ಏನಾಗುತ್ತದೆ, ತೊಟ್ಟು ತೊಟ್ಟಾಗಿ

ಮೂರು ಸೂಚಕ ಕೊಟ್ಟಿರುವುದಕ್ಕೆ ಕಿಟ್ ಮಾಡಿದವರನ್ನು ಮೆಚ್ಚಬೇಕು. ದುರ್ಬಲ ಆಮ್ಲ ಎಂದರೇನು ಎಂಬುದನ್ನು ಪಿಎಚ್ ಮೀಟರ್‌ಗಿಂತ ಚೆನ್ನಾಗಿ ಕಲಿಸುವುದು ಈ ಮೂರು ಪುಟ್ಟ ಬಾಟಲಿಗಳೇ. ಕೈಪಿಡಿ ಮಾತ್ರ 'ಯಾವುದಾದರೂ ಒಂದನ್ನು ಬಳಸಿ' ಎಂದು ಹೇಳಿ ಕೈ ತೊಳೆದುಕೊಂಡಿದೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಆ ಮಾತು ನಡೆಯುತ್ತದೆ, ಅಸಿಟಿಕ್ ಆಮ್ಲಕ್ಕೆ ನಡೆಯುವುದಿಲ್ಲ.

ಲೆಕ್ಕ ನೋಡೋಣ. ಎರಡೂ ಆಮ್ಲ 0.1 ಮೋಲಾರ್, ತಲಾ 25 ಮಿ.ಲೀ.; ಕ್ಷಾರವೂ 0.1 ಮೋಲಾರ್ ಎಂದಿಟ್ಟುಕೊಳ್ಳಿ. 24.9 ಮಿ.ಲೀ. ಕ್ಷಾರ ಬಿದ್ದಾಗ ಹೈಡ್ರೋಕ್ಲೋರಿಕ್ ಆಮ್ಲದ ಫ್ಲಾಸ್ಕಿನಲ್ಲಿ ಪಿಎಚ್ ಸುಮಾರು 3.7. 25.1 ಆದಾಗ 10.3. ನಾಲ್ಕು ತೊಟ್ಟಿನಲ್ಲಿ ಆರೂವರೆ ಅಂಕದ ಜಿಗಿತ. ಬ್ರೋಮೋಥೈಮಾಲ್ ಬ್ಲೂ 6.0ರಿಂದ 7.6ರೊಳಗೆ, ಫಿನಾಫ್ತಲೀನ್ 8.3ರಿಂದ 10ರೊಳಗೆ ಬಣ್ಣ ಬದಲಿಸುತ್ತದೆ. ಎರಡೂ ಈ ಜಿಗಿತದ ನಡುವೆ ಬೀಳುತ್ತವೆ. ಮೀಥೈಲ್ ಆರೆಂಜ್ 3.1ರಿಂದ 4.4ರವರೆಗಿನದು, ಅಂಚಿನಲ್ಲಿದ್ದರೂ ಒಂದೆರಡು ತೊಟ್ಟಿನ ವ್ಯತ್ಯಾಸದಲ್ಲಿ ಕೆಲಸ ಮಾಡುತ್ತದೆ.

ಈಗ ಅಸಿಟಿಕ್ ಆಮ್ಲ. ಅದರ ಪಿಕೆಎ, ಅಂದರೆ ಆಮ್ಲದ ಅರ್ಧ ಪಾಲು ತಟಸ್ಥವಾದಾಗಿನ ಪಿಎಚ್, 4.76. ಅದೇ 24.9 ಮಿ.ಲೀ.ಯಲ್ಲಿ ಇಲ್ಲಿ ಪಿಎಚ್ ಆಗಲೇ 7.2, 25.0ರಲ್ಲಿ 8.7, 25.1ರಲ್ಲಿ 10.3. ಜಿಗಿತ ಇದೆ, ಆದರೆ ಅರ್ಧಕ್ಕರ್ಧ ಕುಗ್ಗಿ ಮೇಲಕ್ಕೆ ಸರಿದಿದೆ. ಫಿನಾಫ್ತಲೀನ್ ಬಣ್ಣ ಶುರುವಾಗುವುದು 24.99 ಮಿ.ಲೀ. ಹತ್ತಿರ, ಇದಕ್ಕಿಂತ ನಿಖರವಾಗಿ ಬೇಕೆನ್ನುವುದು ದುರಾಸೆ. ಬ್ರೋಮೋಥೈಮಾಲ್ ಬ್ಲೂ 23.6 ಮಿ.ಲೀ.ಗೇ ಹಳದಿ ಬಿಡಲು ಶುರುಮಾಡಿ, 24.86ರ ಹೊತ್ತಿಗೆ ಹಸಿರಾಗಿ, ನೀಲಿಗೆ ತಿರುಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. 'ಯಾವ ಹಸಿರಿಗೆ ನಿಲ್ಲಿಸಬೇಕು' ಎಂಬುದೇ ತಕರಾರು.

ಮೀಥೈಲ್ ಆರೆಂಜ್ ಹಾಕಿದ ಫ್ಲಾಸ್ಕು ನೋಡುವಂಥದ್ದು. ಮೊದಲ ಅರ್ಧ ಮಿ.ಲೀ. ಒಳಗೇ ಕೆಂಪು ಸ್ವಲ್ಪ ಮಾಸುತ್ತದೆ. 2 ಮಿ.ಲೀ. ಆದಾಗ ಕಿತ್ತಳೆಗೆ ಹೊರಳಿರುತ್ತದೆ. 5ಕ್ಕೆ ಇನ್ನಷ್ಟು ತೆಳು. 8 ಮಿ.ಲೀ. ಮುಟ್ಟುವಷ್ಟರಲ್ಲಿ ಪೂರ್ತಿ ಹಳದಿ. ಎಲ್ಲೂ ಒಂದು ತೊಟ್ಟಿಗೆ ಬಣ್ಣ ತಟ್ಟನೆ ತಿರುಗುವುದಿಲ್ಲ, ಸಂಜೆ ಬೆಳಕು ಕರಗಿದ ಹಾಗೆ ಕರಗುತ್ತದೆ. ಆಗಿನ್ನೂ ಆಮ್ಲದ ಮೂರರಲ್ಲಿ ಎರಡು ಪಾಲು ಫ್ಲಾಸ್ಕಿನಲ್ಲಿ ಹಾಗೇ ಕೂತಿದೆ. ಇದನ್ನು ಒಮ್ಮೆ ಬೇಕೆಂದೇ ಮಾಡಿಸಬೇಕು: ಪಕ್ಕದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಫ್ಲಾಸ್ಕಿಗೂ ಅದೇ ಸೂಚಕ ಹಾಕಿ. ಒಂದರಲ್ಲಿ 8 ಮಿ.ಲೀ.ಗೆ ಹಳದಿ, ಇನ್ನೊಂದರಲ್ಲಿ ಸುಮಾರು 25ಕ್ಕೆ. ಸೂಚಕ ನೋಡುವುದು ಆ ಕ್ಷಣದ ಪಿಎಚ್ ಅನ್ನು, ಉಳಿದ ಆಮ್ಲವನ್ನಲ್ಲ ಎಂಬುದು ಆಗ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಸೂಚಕ ಎರಡು ಮೂರು ತೊಟ್ಟು ಸಾಕು. ಸೂಚಕವೂ ಒಂದು ದುರ್ಬಲ ಆಮ್ಲವೇ, ಹೆಚ್ಚು ಹಾಕಿದರೆ ಅದೂ ಕ್ಷಾರ ಕೇಳುತ್ತದೆ. ಫಿನಾಫ್ತಲೀನ್ ಮದ್ಯಸಾರದಲ್ಲಿ ಕರಗಿಸಿದ್ದು. ಹನಿಸಿದಾಗ ನೀರು ಹಾಲಿನಂತೆ ಮಬ್ಬಾದರೆ ಪ್ರಮಾಣ ಮೀರಿದೆ ಎಂದರ್ಥ. ನಿಲ್ಲಿಸಬೇಕಾದದ್ದು ಮೂವತ್ತು ಸೆಕೆಂಡ್ ಉಳಿಯುವ ತೆಳು ಗುಲಾಬಿಗೆ. ಅದಾದ ಮೇಲೆ ಬಣ್ಣ ತಾನಾಗಿ ಮಾಸಿದರೆ ಗಾಬರಿಯಾಗಿ ಇನ್ನೊಂದು ತೊಟ್ಟು ಹಾಕಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಬಣ್ಣ ತಿನ್ನುತ್ತಿದೆ ಅಷ್ಟೆ. ಕಡು ಗುಲಾಬಿ ಬಂದಿದೆ ಎಂದರೆ ಗೆರೆ ದಾಟಿ ಆಗಿದೆ. ಆ ಓದನ್ನು ಬಿಡಿ. ಕೊನೆಯ ಒಂದು ಮಿ.ಲೀ.ಯಲ್ಲಿ ಅರ್ಧ ತೊಟ್ಟು ತುದಿಯಲ್ಲಿ ತೂಗಿಸಿ, ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿ, ನೀರಿನಿಂದ ಒಳಕ್ಕೆ ತೊಳೆಯುವ ಅಭ್ಯಾಸ ಈ ನಲ್ಲಿಯಲ್ಲಿ ಸುಲಭವಾಗಿ ಬರುತ್ತದೆ.

ಕೈಪಿಡಿಯ ಎರಡು ತಪ್ಪು

ಮೊದಲನೆಯದು: 'ಅಸಿಟಿಕ್ ಆಮ್ಲ ದುರ್ಬಲವಾದ್ದರಿಂದ ಅದನ್ನು ತಟಸ್ಥಗೊಳಿಸಲು ಕಡಿಮೆ ಕ್ಷಾರ ಸಾಕು.' ಸುಳ್ಳು. ಒಂದೇ ಸಾರತೆಯ, ಒಂದೇ ಗಾತ್ರದ, ಒಂದು ಪ್ರೋಟಾನ್ ಕೊಡುವ ಎರಡು ಆಮ್ಲಗಳಿಗೆ ಒಂದೇ ಪ್ರಮಾಣದ ಕ್ಷಾರ ಬೇಕು. 0.1 ಮೋಲಾರ್ ಅಸಿಟಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು 1.3 ಅಣು ಮಾತ್ರ ಅಯಾನಾಗಿರುತ್ತವೆ, ಅದಕ್ಕೇ ಪಿಎಚ್ 2.88. ಆದರೆ ಕ್ಷಾರ ಆ ಅಯಾನನ್ನು ಕಿತ್ತುಕೊಂಡ ಹಾಗೆಲ್ಲ ಸಮತೋಲ ಮುಂದಕ್ಕೆ ಸರಿದು ಹೊಸ ಅಣುಗಳು ಒಡೆಯುತ್ತ ಹೋಗುತ್ತವೆ. ಕೊನೆಗೆ ಎಲ್ಲವೂ ಕೊಟ್ಟೇ ತೀರುತ್ತವೆ. ಜೇಬಿನಲ್ಲಿ ಚಿಲ್ಲರೆ, ಉಳಿದದ್ದು ಪೆಟ್ಟಿಗೆಯಲ್ಲಿ ಇಟ್ಟವನ ಹಾಗೆ: ಕೇಳಿದಷ್ಟೂ ತೆಗೆದು ಕೊಡುತ್ತಾನೆ, ಒಟ್ಟು ಸಾಲ ಕಡಿಮೆಯಾಗುವುದಿಲ್ಲ.

ಕಿಟ್‌ನಲ್ಲಿರುವ ಸಾಮಾನಿನಿಂದಲೇ ಇದನ್ನು ತೋರಿಸಬಹುದು, ಕೈಪಿಡಿಯಲ್ಲಿ ಇಲ್ಲದ ಪ್ರಯೋಗ ಇದು. 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿ.ಲೀ. ಪಿಪೆಟ್‌ನಲ್ಲಿ ತೆಗೆದು 250 ಮಿ.ಲೀ. ಮಾಡಿದರೆ 0.1 ಮೋಲಾರ್. ಅದನ್ನು ಬ್ಯೂರೆಟ್‌ಗೆ ತುಂಬಿ, 3.3 ಮಿ.ಲೀ. ಮಾತ್ರ ತೊಳೆದ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಬಿಟ್ಟು ಮತ್ತೆ 250 ಮಿ.ಲೀ.ಗೆ ತನ್ನಿ. ಸಾರತೆ 0.0013 ಮೋಲಾರ್, ಪಿಎಚ್ ಸುಮಾರು 2.9. ಅಂದರೆ 0.1 ಮೋಲಾರ್ ಅಸಿಟಿಕ್ ಆಮ್ಲದಷ್ಟೇ. ಪಿಎಚ್ ಪೆನ್ನಿಗೆ ಎರಡೂ ಒಂದೇ. ಈಗ ತಲಾ 25 ಮಿ.ಲೀ. ಟೈಟ್ರೇಟ್ ಮಾಡಿ: ಹೈಡ್ರೋಕ್ಲೋರಿಕ್ ಆಮ್ಲ 0.33 ಮಿ.ಲೀ. ಕ್ಷಾರಕ್ಕೇ, ಏಳು ತೊಟ್ಟಿಗೆ, ಗುಲಾಬಿಯಾಗುತ್ತದೆ. ಅಸಿಟಿಕ್ ಆಮ್ಲ 25 ಮಿ.ಲೀ. ಕೇಳುತ್ತದೆ. ಪ್ರಬಲ ಆಮ್ಲ ಬೇರೆ, ಸಾಂದ್ರ ಆಮ್ಲ ಬೇರೆ ಎಂಬ ಮಾತಿಗೆ ಇದಕ್ಕಿಂತ ಅಗ್ಗದ ಸಾಕ್ಷಿ ಸಿಗಲಾರದು.

ಎರಡನೆಯದು: 'ಸಮಾನತಾ ಬಿಂದುವಿನಲ್ಲಿ ದ್ರಾವಣ ತಟಸ್ಥ, ಪಿಎಚ್ 7.' ಸಮಾನತಾ ಬಿಂದು ಎಂದರೆ ಆಮ್ಲಕ್ಕೆ ಸರಿಸಮನಾದ ಕ್ಷಾರ ಬಿದ್ದ ಹಂತ. ಪ್ರಬಲ ಆಮ್ಲಕ್ಕೆ ಪ್ರಬಲ ಕ್ಷಾರ ಸೇರಿದಾಗ ಮಾತ್ರ ಹೀಗೆ. ಅಸಿಟಿಕ್ ಆಮ್ಲ ಮುಗಿದಾಗ ಫ್ಲಾಸ್ಕಿನಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್, ಸುಮಾರು 0.05 ಮೋಲಾರ್. ಅಸಿಟೇಟ್ ಅಯಾನು ನೀರಿನಿಂದ ಒಂದಿಷ್ಟು ಪ್ರೋಟಾನ್ ಎಳೆದುಕೊಂಡು ಹೈಡ್ರಾಕ್ಸೈಡ್ ಬಿಡುತ್ತದೆ, ಪಿಎಚ್ 8.7ಕ್ಕೆ ನಿಲ್ಲುತ್ತದೆ. ಮೀಟರ್ ನೋಡಿಕೊಂಡು 7ಕ್ಕೆ ನಿಲ್ಲಿಸಿದವರ ಓದು 24.86. ತಪ್ಪು ಸಣ್ಣದು, ಹಾಗಾಗಿಯೇ ಯಾರ ಕಣ್ಣಿಗೂ ಬೀಳದೆ ಕೈಪಿಡಿಯಿಂದ ಕೈಪಿಡಿಗೆ ಸಾಗುತ್ತಿದೆ. ಪಿಕೆಎ 9.24 ಇರುವ ಬೋರಿಕ್ ಆಮ್ಲದಲ್ಲಿ ಇದೇ ಸೂತ್ರ ಹಿಡಿದರೆ ಮೊದಲ ಕೆಲವು ತೊಟ್ಟಿಗೇ 7 ದಾಟಿ, ಉತ್ತರ ಬಹುತೇಕ ಸೊನ್ನೆ ಬರುತ್ತದೆ.

ಪಿಎಚ್ ಪೆನ್ನು

1934ರಲ್ಲಿ ಆರ್ನಾಲ್ಡ್ ಬೆಕ್‌ಮನ್ ನಿಂಬೆರಸದ ಹುಳಿ ಅಳೆಯಲೆಂದು ಪಿಎಚ್ ಮೀಟರ್ ಕಟ್ಟಿದಾಗ ಅದು ಒಂದು ಪೆಟ್ಟಿಗೆಯಷ್ಟು ದೊಡ್ಡದು. ಈಗ ಅದೇ ಕೆಲಸ ಮಾಡುವ ಸಾಧನ ಜೇಬಿಗೆ ಸಿಕ್ಕಿಸುವಷ್ಟು ಸಣ್ಣದು. ಆದರೆ ಗಾಜಿನ ಬಲ್ಬಿನ ಗುಣ ಬದಲಾಗಿಲ್ಲ: ಒಣಗಿದರೆ ಸುಳ್ಳು ಹೇಳುತ್ತದೆ.

ಪರದೆ 0.01ರವರೆಗೆ ತೋರಿಸುತ್ತದೆ, ಜೊತೆಗಿರುವ ಚೀಟಿಯಲ್ಲಿ ನಿಖರತೆ ±0.1 ಎಂದಿದೆ. ಈ ಎರಡು ಬೇರೆ ಬೇರೆ ಎಂಬುದನ್ನು ಕೈಪಿಡಿ ಹೇಳಬೇಕಿತ್ತು. ಪಿಎಚ್‌ನಲ್ಲಿ 0.1 ತಪ್ಪಿದರೆ ಆಮ್ಲದ ಅಯಾನೀಕರಣ ಸ್ಥಿರಾಂಕದಲ್ಲಿ (ಆಮ್ಲ ಎಷ್ಟರ ಮಟ್ಟಿಗೆ ಒಡೆಯುತ್ತದೆ ಎಂದು ಹೇಳುವ, ಪಿಕೆಎಯಿಂದ ಸಿಗುವ ಅಂಕಿಯಲ್ಲಿ) ಶೇಕಡಾ 26ರಷ್ಟು ತಪ್ಪು. 1.8 × 10⁻⁵ ಬರಬೇಕಾದಲ್ಲಿ 1.4 ಬಂದರೂ 2.3 ಬಂದರೂ ಪೆನ್ನು ತನ್ನ ಮಿತಿಯಲ್ಲೇ ಇದೆ. ವರದಿಯಲ್ಲಿ 1.83 ಎಂದು ಬರೆಯುವುದು ಬೇಡ.

ಬಫರ್ ಪೊಟ್ಟಣ ಮೂರು: 4.01, 7.00, 10.01. ತಲಾ 250 ಮಿ.ಲೀ. ನೀರಿಗೆ. ಮೊದಲು 7.00, ಆಮೇಲೆ 4.01. ದುರ್ಬಲ ಆಮ್ಲದ ವಕ್ರರೇಖೆ 3ರಿಂದ 11ರವರೆಗೆ ಹೋಗುವುದರಿಂದ 10.01 ಬಿಡುವಂತಿಲ್ಲ. ಅದೇ ಬೇಗ ಕೆಡುವುದೂ ಹೌದು, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಇಳಿಯುತ್ತ ಹೋಗುತ್ತದೆ. ಬೇಕಾದಷ್ಟು ಲೋಟಕ್ಕೆ ಬಗ್ಗಿಸಿಕೊಂಡು ಬಳಸಿ ಚೆಲ್ಲಿ, ಬಾಟಲಿಗೆ ವಾಪಸ್ ಸುರಿಯಬೇಡಿ. ಪೆನ್ನಿನ ಟೋಪಿಯಲ್ಲಿ 3 ಮೋಲಾರ್ ಪೊಟಾಸಿಯಂ ಕ್ಲೋರೈಡ್ ದ್ರಾವಣ ನಾಲ್ಕಾರು ತೊಟ್ಟು ಇರಬೇಕು. ಡಿಸ್ಟಿಲ್ಡ್ ನೀರಿನಲ್ಲಿ ನೆನೆಹಾಕಿದರೆ ಒಳಗಿನ ಅಯಾನುಗಳು ಹೊರಬಂದು ಎಲೆಕ್ಟ್ರೋಡ್ ಬೇಗ ಸಾಯುತ್ತದೆ. ಈ ದ್ರಾವಣ ಕಿಟ್‌ನಲ್ಲಿ ಇಲ್ಲ. ಪೆನ್ನು ಕೊಟ್ಟು ಇದನ್ನು ಕೊಡದಿರುವುದು ಸಣ್ಣ ಜಿಪುಣತನ.

ಪೆನ್ನು ಚೆನ್ನಾಗಿ ಮಾಡುವ ಕೆಲಸ ಒಂದಿದೆ, ಅರ್ಧ ತಟಸ್ಥೀಕರಣ. ಕೈಪಿಡಿ ಹೇಳುವ ದಾರಿ ಉದ್ದದ್ದು: 1 ಮಿ.ಲೀ.ಗೊಂದು ಓದು ತೆಗೆದು, ವಕ್ರರೇಖೆ ಬರೆದು, ಸಮಾನತಾ ಬಿಂದುವಿನ ಅರ್ಧಕ್ಕೆ ಇಳಿಸಿ ಪಿಎಚ್ ಓದುವುದು. ಗಿಡ್ಡ ದಾರಿ ಹೀಗೆ: 25 ಮಿ.ಲೀ. ಆಮ್ಲವನ್ನು ಫಿನಾಫ್ತಲೀನ್ ಗುಲಾಬಿಯಾಗುವವರೆಗೆ ಟೈಟ್ರೇಟ್ ಮಾಡಿ. ಅದೇ ಫ್ಲಾಸ್ಕಿಗೆ ಅದೇ ಆಮ್ಲ ಇನ್ನೊಂದು 25 ಮಿ.ಲೀ. ಪಿಪೆಟ್‌ನಿಂದ ಬಿಡಿ. ಗುಲಾಬಿ ಮಾಯವಾಗುತ್ತದೆ. ಈಗ ಫ್ಲಾಸ್ಕಿನಲ್ಲಿ ಅರ್ಧ ಆಮ್ಲ, ಅರ್ಧ ಅದರ ಲವಣ. ಪೆನ್ನು ಅದ್ದಿ ಓದಿದರೆ ಬಂದದ್ದೇ ಪಿಕೆಎ. ಕ್ಷಾರದ ಸಾರತೆ ಗೊತ್ತಿರಬೇಕಿಲ್ಲ, ಆಮ್ಲದ್ದೂ ಗೊತ್ತಿರಬೇಕಿಲ್ಲ. ಗ್ಲೇಸಿಯಲ್ ಅಸಿಟಿಕ್ ಆಮ್ಲವನ್ನು ಅಂದಾಜಿನಲ್ಲಿ, ಲೀಟರಿಗೆ 5.8 ಮಿ.ಲೀ. ಲೆಕ್ಕದಲ್ಲಿ, ತೆಳು ಮಾಡಿಕೊಂಡಿದ್ದರೂ ಸರಿಯೇ. ಪೆನ್ನು 4.7 ತೋರಿಸಿತು. ಪುಸ್ತಕದ 4.76ಕ್ಕಿಂತ ಕಡಿಮೆ ಬಂತೆಂದು ಚಿಂತೆ ಬೇಡ: ದ್ರಾವಣದಲ್ಲಿ ಅಯಾನುಗಳು ಒಂದನ್ನೊಂದು ಎಳೆದಾಡುವುದರಿಂದ ಈ ಸಾರತೆಯಲ್ಲಿ ಒಳ್ಳೆಯ ಮೀಟರ್ ಕೂಡ 4.68ರ ಆಸುಪಾಸೇ ತೋರಿಸಬೇಕು.

ಇದೇ ಉಪಾಯ ಫಾರ್ಮಿಕ್ ಆಮ್ಲಕ್ಕೆ 3.75ರ ಹತ್ತಿರ, ಲ್ಯಾಕ್ಟಿಕ್ ಆಮ್ಲಕ್ಕೆ 3.86ರ ಹತ್ತಿರ ಕೊಡುತ್ತದೆ. ಸಿಟ್ರಿಕ್ ಆಮ್ಲಕ್ಕೆ ಹೊಂದುವುದಿಲ್ಲ. ಅದರ ಮೂರು ಪಿಕೆಎಗಳು 3.13, 4.76, 6.40 ಒಂದರ ಹೆಗಲ ಮೇಲೊಂದು ಕೂತಿರುವುದರಿಂದ ಮೆಟ್ಟಿಲು ಬೇರೆ ಬೇರೆಯಾಗಿ ಕಾಣುವುದಿಲ್ಲ. ಫಿನಾಫ್ತಲೀನ್ ಮೂರೂ ಪ್ರೋಟಾನನ್ನು ಒಟ್ಟಿಗೇ ಎಣಿಸುತ್ತದೆ.

ವಿನೆಗರ್ ಪ್ರಯೋಗ

ಇದು ಕೈಪಿಡಿಯ ಅತ್ಯುತ್ತಮ ಪುಟ. 25 ಮಿ.ಲೀ. ವಿನೆಗರ್ ತೆಗೆದು 250 ಮಿ.ಲೀ. ಮಾಡಿ, ಅದರಲ್ಲಿ 25 ಮಿ.ಲೀ. ಟೈಟ್ರೇಟ್ ಮಾಡುವುದು. ಶೇಕಡಾ 5ರದ್ದಾದರೆ ಮೂಲ ಸಾರತೆ 0.83 ಮೋಲಾರ್, 0.1 ಮೋಲಾರ್ ಕ್ಷಾರ 20.8 ಮಿ.ಲೀ. ಹಿಡಿಯಬೇಕು. ತೆಳು ಮಾಡದೆ ನೇರ ಹಾಕಿದರೆ 208 ಮಿ.ಲೀ. ಬೇಕಾಗಿ ಬ್ಯೂರೆಟ್ ಐದು ಸಲ ತುಂಬಬೇಕಾದೀತು ಎಂದು ಕೈಪಿಡಿಯೇ ತಮಾಷೆಯಾಗಿ ಎಚ್ಚರಿಸಿದೆ. ಕಂದು ಬಣ್ಣದ ವಿನೆಗರ್ ಬೇಡ, ಬಿಳಿಯದು ತೆಗೆದುಕೊಳ್ಳಿ ಎಂಬ ಒಂದು ಸಾಲು ಸೇರಿಸಿದ್ದರೆ ಇನ್ನೂ ಚೆನ್ನಾಗಿತ್ತು.

ಇಲ್ಲದವು, ಇಡುವ ಕ್ರಮ

ಕಣ್ಣಿಗೆ ಕನ್ನಡಕ ಇಲ್ಲ. ಕ್ಷಾರ ಕಣ್ಣಿಗೆ ಆಮ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ, ಬ್ಯೂರೆಟ್ ತುಂಬುವುದು ಮುಖದ ಮಟ್ಟದಲ್ಲೇ. ಇದು ಮರೆಯುವ ಸಾಮಾನಲ್ಲ. ತುಂಬುವಾಗಲಾದರೂ ಬ್ಯೂರೆಟನ್ನು ಸ್ಟ್ಯಾಂಡಿನಲ್ಲಿ ಕೆಳಗಿಳಿಸಿ, ಬಾಯಿ ಕಣ್ಣಿಗಿಂತ ಕೆಳಗೆ ಬರುವಂತೆ ಮಾಡಿಕೊಳ್ಳಿ. ಓದುವ ಕಾರ್ಡೂ ಇಲ್ಲ, ಆದರೆ ಬಿಳಿ ರಟ್ಟಿನ ಕೆಳಗರ್ಧಕ್ಕೆ ಕಪ್ಪು ಪಟ್ಟಿ ಅಂಟಿಸಿ ಬ್ಯೂರೆಟ್ ಹಿಂದೆ, ದ್ರವದ ತಗ್ಗಿನ ತುಸು ಕೆಳಗೆ ಹಿಡಿದರೆ ತಗ್ಗಿನ ತಳ ಕಪ್ಪಾಗಿ ಎದ್ದು ಕಾಣುತ್ತದೆ. ಗ್ಲೇಸಿಯಲ್ ಅಸಿಟಿಕ್ ಆಮ್ಲದ ಬಾಟಲಿ ಚಳಿಯಲ್ಲಿ ಗಟ್ಟಿಯಾಗಿ ಕಂಡರೆ ಕೆಟ್ಟಿದೆ ಎಂದು ಎಸೆಯಬೇಡಿ. ಅದು 16.6 ಡಿಗ್ರಿಗೇ ಹೆಪ್ಪುಗಟ್ಟುತ್ತದೆ, ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಕರಗುತ್ತದೆ. ಉರಿಯ ಹತ್ತಿರ ಮಾತ್ರ ಬೇಡ, ಅದರ ಆವಿಗೆ ಬೆಂಕಿ ಹತ್ತುತ್ತದೆ.

ಕೆಲಸ ಮುಗಿದ ಮೇಲೆ ಬ್ಯೂರೆಟ್‌ನಲ್ಲಿ ಕ್ಷಾರ ರಾತ್ರಿಯಿಡೀ ಬಿಡಬಾರದು. ನೀರಿನಿಂದ ಎರಡು ಸಲ, ತೆಳು ವಿನೆಗರ್‌ನಿಂದ ಒಂದು ಸಲ, ಮತ್ತೆ ನೀರಿನಿಂದ ಎರಡು ಸಲ ತೊಳೆದು, ನಲ್ಲಿಯ ತಿರುಪು ಸಡಿಲಿಸಿ, ತಲೆಕೆಳಗಾಗಿ ಸ್ಟ್ಯಾಂಡಿಗೆ ಸಿಕ್ಕಿಸಿಡಿ.